ವೈರಸ್ ಬಾರದ ಕಂಪ್ಯೂಟರೂ ಮದುವೆ ಫೋಟೋಗಳೂ

ಫೋಟೋ ಸ್ಟುಡಿಯೋ ಇಟ್ಟವರ ಪಾಡು ನಿಮಗೆ ಗೊತ್ತೇ ಇದೆ. ದಿನವಿಡೀ ಕಂಡಕಂಡವರ ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರಿಗೆ ಒಂದಲ್ಲ ಒಂದು ವೈರಸ್. ನಮ್ಮ ಸ್ಟುಡಿಯೋ ಅಣ್ಣ ರೋಸಿಹೋಗಿ ಹಳೇ ಆಪರೇಟಿಂಗ್ ಸಿಸ್ಟಮ್ ತೆಗೆಸಿ ವೈರಸ್ ಕಾಟ ಕಮ್ಮಿ ಎನ್ನುವ ಲಿನಕ್ಸ್ ಹಾಕಿಸಿಬಿಟ್ಟ. ಅಂದಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ.

ಪಕ್ಕದ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅವನ ತಂಗಿ, "ಅಪ್‌ಡೇಟ್ ಮಾಡ್ತಿರು ಅಣ್ಣ" ಎಂದಳು.

"ಇದಕ್ಕೆ ಅದೆಲ್ಲ ಬೇಡ ಕಣೇ. ವೈರಸ್ ಇದರ ಹತ್ರ ಸುಳಿಯಲ್ಲ."

"ಕಮ್ಮಿ ಅನ್ನು, ಒಪ್ತೀನಿ. ಬರೋದೇ ಇಲ್ಲ ಅನ್ನಬೇಡ."

"ರಿಪೇರಿ ಕೆಲಸ ತಪ್ಪಿತು ಅಂತ ನಿನಗೆ ಹೊಟ್ಟೆಉರಿ."

ಆ ವಾರ ಅಣ್ಣ ಎದುರು ಮನೆ ಟೀಚರ್ ಮಗಳ ಮದುವೆ ಫೋಟೋ ತೆಗೆದಿದ್ದ. ಎಲ್ಲವನ್ನೂ ಇಂಟರ್‌ನೆಟ್ಟಿನ ತನ್ನ ಖಾತೆಗೆ ಏರಿಸಿ, ಮುಂದಿನ ಕೆಲಸಕ್ಕೆಂದು ಕ್ಯಾಮೆರಾ ಕಾರ್ಡನ್ನೂ ಕಂಪ್ಯೂಟರನ್ನೂ ಖಾಲಿ ಮಾಡಿದ್ದ. ಮಧ್ಯಾಹ್ನ ಒಂದು ಮೇಲ್ ಬಂತು. 'ನಿಮ್ಮ ಖಾತೆ ತುಂಬಿದೆ. ಈ ಲಿಂಕಿನಲ್ಲಿ ಈಗಲೇ ಪಾಸ್‌ವರ್ಡ್ ಹಾಕದಿದ್ದರೆ ಫೋಟೋಗಳು ಅಳಿಸಿಹೋಗುತ್ತವೆ.' ಫೋಟೋ ಅಳಿಸುತ್ತದೆ ಎಂದರೆ ಯಾವ ಸ್ಟುಡಿಯೋದವನಿಗೆ ತಾನೇ ಜೀವ ಹೊಡೆದುಕೊಳ್ಳದು? ಹಿಂದೆಮುಂದೆ ನೋಡದೆ ಹಾಕಿದ. ಮರುಗಳಿಗೆಗೇ ಮೊಬೈಲಿಗೆ ಸಂದೇಶ: ನಿಮ್ಮ ಖಾತೆಯನ್ನು ಯಾರೋ ಹೊಸ ಕಂಪ್ಯೂಟರಿನಿಂದ ತೆರೆದಿದ್ದಾರೆ.

ಫೋಟೋ ಹೋದರೆ ಆ ಹುಡುಗಿಗೆ ಇನ್ನೊಂದು ಸಲ ಮದುವೆ ಮಾಡಿಸಲಾಗುತ್ತದೆಯೇ? ತಂಗಿಯ ಹತ್ತಿರ ಓಡಿ ಆ ಮೇಲ್ ತೋರಿಸಿದ.

"ವೈರಸ್ ಬಂದಿಲ್ಲ ಕಣೇ, ಆದ್ರೂ ಯಾರೋ ಒಳಗೆ ನುಗ್ಗಿದಾರೆ."

"ನುಗ್ಗೋದೇನು ಬಂತು? ಕೀಲಿಕೈ ನೀನೇ ಕೊಟ್ಟೆಯಲ್ಲ."

ಬೈಯುತ್ತಲೇ ಅವಳು ತನ್ನ ಕಂಪ್ಯೂಟರಿನಿಂದ ಅವನ ಪಾಸ್‌ವರ್ಡ್ ಬದಲಿಸಿ, ಬೇರೆ ಕಡೆಯಿಂದ ಆ ಖಾತೆ ತೆರೆದಿದ್ದವರನ್ನೆಲ್ಲ ಹೊರಹಾಕಿದಳು. ಆಮೇಲೆ ಫೋಟೋ ತೆರೆದಳು. ಒಂದೂ ಹೋಗಿರಲಿಲ್ಲ. ಅಣ್ಣ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕಣ್ಣೊರೆಸಿಕೊಂಡ.

"ಹಾಗಾದ್ರೆ ಹಳೇ ಸಿಸ್ಟಮ್‌ಗೇ ವಾಪಸ್ ಹೋಗ್ಲಾ?"

"ಬೇಡ, ಇದೂ ಚೆನ್ನಾಗೇ ಇದೆ. ಆದ್ರೆ ಅಪ್‌ಡೇಟ್ ಯಾವುದಕ್ಕೂ ತಪ್ಪಿದ್ದಲ್ಲ. ಇನ್ನು ಸುಳ್ಳು ಮೇಲ್ ಅಂತೂ ಯಾವ ಸಿಸ್ಟಮ್ ಅಂತ ನೋಡಿ ಬರಲ್ಲ ಅಣ್ಣ, ಗಾಬರಿ ಬೀಳೋರನ್ನ ನೋಡಿ ಬರುತ್ತೆ."

ಅಂದೇ ಅಣ್ಣ ಫೋಟೋಗಳ ಇನ್ನೊಂದು ಪ್ರತಿ ಮಾಡಿಟ್ಟ. ಪಾಸ್‌ವರ್ಡ್ ಜೊತೆಗೆ ಮೊಬೈಲಿಗೆ ಬರುವ ಕೋಡೂ ಕೇಳುವಂತೆ ಖಾತೆ ಭದ್ರಮಾಡಿದ. ಈಗ ಫೋಟೋಗೆ ಕೂತವರನ್ನೆಲ್ಲ, "ಗದ್ದ ಮೇಲೆ ಎತ್ತಿ. ಅಪ್‌ಡೇಟ್ ಮಾಡಿದೀರಾ?" ಎಂದು ಕೇಳುತ್ತಾನೆ.

ಓದುಗರೇ, ನಿಮ್ಮದು ಯಾವ ಸಿಸ್ಟಮ್ ಆದರೂ ಸರಿ, ಅಪ್‌ಡೇಟ್ ಮುಂದೂಡಬೇಡಿ. ಅವಸರಪಡಿಸುವ ಮೇಲ್ ಬಂದರೆ ಅದರ ಲಿಂಕ್ ಒತ್ತದೆ, ಖಾತೆಯನ್ನು ನೀವೇ ಬೇರೆಯಾಗಿ ತೆರೆದು ನೋಡಿ. ಅಕಸ್ಮಾತ್ ಪಾಸ್‌ವರ್ಡ್ ಕೊಟ್ಟುಬಿಟ್ಟರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ, ತಿಳಿದವರ ಹತ್ತಿರ ಓಡಿ. ಅಣ್ಣ ಓಡಿದ್ದರಿಂದಲೇ ಆ ಹುಡುಗಿಯ ಕೈಗೆ ಮದುವೆ ಆಲ್ಬಮ್ ಸಿಕ್ಕಿತು.