ಐದನೆಯ ಯಾಕೆ

ಅವಿನಾಶನ ಕೈ ಬಿರಿದದ್ದು ೨೦೨೧ರ ಜನವರಿಯಲ್ಲಿ. ಜಪಾನಿನ ನಗೋಯಾದ ಕಾರು ಕಾರ್ಖಾನೆಯೊಂದರಲ್ಲಿ ಬಾಗಿಲು ಬಾಗಿಲಿಗೂ ಸ್ಯಾನಿಟೈಸರ್, ಹೊರಗೆ ಒಣ ಚಳಿ. ಬೆರಳ ಗೆಣ್ಣುಗಳಲ್ಲಿ ರಕ್ತ ಜಿನುಗಿದಾಗ ಕಾರ್ಖಾನೆಯ ವೈದ್ಯರು ಹೇಳಿದ್ದಿಷ್ಟೇ: ಪೆಟ್ರೋಲಿಯಂ ಜೆಲ್ಲಿ ಸಾಕು, ಕೈ ತೊಳೆದು ಪಸೆ ಆರುವ ಮೊದಲೇ ತೆಳ್ಳಗೆ ಹಚ್ಚಿ, ಆದರೆ ಮನೆಯಲ್ಲಿ ಮಾತ್ರ. ಅವನಿದ್ದ ಪೇಂಟ್ ವಿಭಾಗದಲ್ಲಿ ಜಿಡ್ಡು ನಿಷಿದ್ಧ. ತಗಡಿಗೆ ಎಳ್ಳಷ್ಟು ಅಂಟಿದರೂ ಬಣ್ಣ ಹಿಡಿಯದೆ ಕುಳಿ ಬೀಳುತ್ತದೆ.

ಅವಿನಾಶ ಮನೆಯಲ್ಲೇ ಹಚ್ಚಿದ, ಚರ್ಮ ಕೂಡಿಕೊಂಡಿತು. ಬೆಂಗಳೂರಿನಿಂದ ಜೊತೆಗೇ ಬಂದಿದ್ದ ಅದೇ ವಿಭಾಗದ ಹಿರಿಯ ಶಂಕರನಿಗೂ ಒಂದು ಡಬ್ಬಿ ಕೊಟ್ಟ. "ಮನೇಲಿ ಮಾತ್ರ ಸರ್" ಎಂದೂ ಹೇಳಿದ.

ಏಪ್ರಿಲ್‌ನಲ್ಲಿ ಇಬ್ಬರಲ್ಲಿ ಒಬ್ಬರನ್ನು ಊರಿಗೆ ವಾಪಸ್ ಕಳಿಸುವುದೆಂದು ನಿಶ್ಚಯವಾಗಿತ್ತು. ಫೆಬ್ರವರಿಯಲ್ಲಿ ಹದಿನಾಲ್ಕು ಬಾಗಿಲುಗಳ ಮೇಲೆ ಕುಳಿ ಬಿದ್ದವು. ಅವಿನಾಶ ಕೈಗೆ ಜೆಲ್ಲಿ ಹಚ್ಚುತ್ತಾನೆಂದು ಶಂಕರ ಮೇಲ್ವಿಚಾರಕ ಹಯಾಶಿ ಸಾನ್ ಅವರ ಕಿವಿಗೆ ಹಾಕಿದ. ಮರುಬೆಳಿಗ್ಗೆ ಸಭೆಯಲ್ಲಿ ಮೂವತ್ತು ಜನರೆದುರು ಅವಿನಾಶ ಬಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದ. ಅವನನ್ನು ಗೋದಾಮಿಗೆ ಹಾಕಿದರು. ವಾಪಸ್ ಹೋಗುವವನು ಅವನೇ ಎಂದಾಯಿತು.

ಅವನು ಜಗಳವಾಡಲಿಲ್ಲ. ಗ್ಲೌಸ್ ಬಿಚ್ಚಿ ಬರಿಬೆರಳಲ್ಲಿ ತಗಡು ಸವರುವ ಚಾಳಿ ಯಾರದೆಂದು ಅವನಿಗೆ ಗೊತ್ತಿತ್ತು. ಹಲ್ಲು ಕಚ್ಚಿ ಕಾದ.

ಮೂರು ವಾರದ ಮೇಲೆ ಮತ್ತೆ ಒಂಬತ್ತು ಬಾಗಿಲು ಕೆಟ್ಟವು. ದೋಷ ಕಂಡರೆ ಐದು ಸಲ 'ಯಾಕೆ' ಎಂದು ಕೇಳಿ ಬುಡ ಹುಡುಕುವುದು ಅಲ್ಲಿನ ಪದ್ಧತಿ. ಹಯಾಶಿ ಸಾನ್ ಗೋದಾಮಿನಿಂದ ಅವಿನಾಶನನ್ನು ಕರೆಸಿ, ಈ ಸಲ ನೀನೇ ಕೇಳು ಎಂದರು.

ಬೆಳಗಿನ ಸಭೆಯಲ್ಲಿ, ಅದೇ ಮೂವತ್ತು ಜನರೆದುರು, ಅವಿನಾಶ ಶಂಕರನನ್ನು ಜಪಾನಿಯಲ್ಲೇ ಕೇಳಿದ. ಕುಳಿ ಯಾಕೆ ಬಿತ್ತು? ಜಿಡ್ಡು ತಾಗಿ. ಜಿಡ್ಡು ಯಾಕೆ ತಾಗಿತು? ಬರಿಗೈಯಲ್ಲಿ ಮುಟ್ಟಿದ್ದರಿಂದ. ಯಾಕೆ ಮುಟ್ಟಿದಿರಿ?

ಶಂಕರ ಕನ್ನಡಕ್ಕಿಳಿದ. "ಸಾಕು ಬಿಡೋ, ಒಂದೇ ಊರೋರು ನಾವು. ಮರ್ಯಾದೆ ತೆಗೀಬೇಡ."

"ನನ್ ಮರ್ಯಾದೆ ಇಲ್ಲೇ ಎಲ್ಲೋ ಬಿದ್ದಿದೆ ಸರ್. ಹುಡುಕ್ತಿದೀನಿ."

ಗ್ಲೌಸಿನಲ್ಲಿ ದೂಳು ತಿಳಿಯುವುದಿಲ್ಲ, ಅದಕ್ಕೇ ಮುಟ್ಟಿದೆ ಎಂದು ಶಂಕರ ಒಪ್ಪಿಕೊಂಡ. ಕೈಯಲ್ಲಿ ಜೆಲ್ಲಿ ಯಾಕೆ ಇತ್ತು? ಉರಿ ತಾಳಲಾಗದೆ ಊಟದ ಬಿಡುವಿನಲ್ಲಿ ಹಚ್ಚಿಕೊಂಡಿದ್ದೆ, ಎಂದ. ಹಯಾಶಿ ಸಾನ್ ಬೋರ್ಡಿನ ಮೇಲೆ ಎಲ್ಲ ಬರೆದುಕೊಂಡರು.

"ಐದನೆಯದು. ಹಾಗಿದ್ದೂ ನನ್ನ ಹೆಸರು ಯಾಕೆ ಹೇಳಿದಿರಿ?"

ಶಂಕರನ ಮಾಸ್ಕ್ ಎರಡು ಸಲ ಒಳಗೆ ಹೋಗಿ ಹೊರಗೆ ಉಬ್ಬಿತು. ಇಬ್ಬರಲ್ಲಿ ಒಬ್ಬರು ಹೋಗಬೇಕಿತ್ತಲ್ಲ, ಎಂದು ಗೊಣಗಿದ.

"ಜೋರಾಗಿ ಹೇಳಿ, ಶಂಕರ್ ಸಾನ್" ಎಂದ ಅವಿನಾಶ. "ಹಿಂದಿನ ಸಾಲಿಗೆ ಕೇಳಿಸಲಿಲ್ಲ."