ಹುಣಸೆ ಗೋದಾಮಿನ ಇಂಟರ್‌ವ್ಯೂ

ದಿನವಿಡೀ ಹುಣಸೆಹಣ್ಣು ಬಿಡಿಸಿದ ಕೈಯಲ್ಲಿ ರೊಟ್ಟಿ ಮುರಿದು ಕೆಂಪು ಖಾರಕ್ಕೆ ಅದ್ದಿ ನೋಡಿ. ಹುಳಿ ಮೊದಲು ಉಗುರಿನ ಸಂದಿಗೆ ಇಳಿದಿರುತ್ತದೆ. ಬೆರಳ ತುದಿಯ ಚರ್ಮ ಬಿಳುಚಿಕೊಂಡು ಸೀಳಿರುತ್ತದೆ. ಆ ಸೀಳಿನೊಳಗೆ ಖಾರ ಹೋಗಿ ಕೂತರೆ, ಸತ್ತ ಅತ್ತೆ ಎದ್ದು ಬಂದು ಬೈದ ಹಾಗೆ. ಅದಕ್ಕೇ ಹುಣಸೆ ಕಾಲದಲ್ಲಿ ನಮ್ಮ ಓಣಿಯ ಹೆಂಗಸರು ಚಮಚದಲ್ಲಿ ಉಣ್ಣುತ್ತಾರೆ. ಕಂಡವರು ನಾವೆಲ್ಲ ಸಾಹೇಬರ ಮನೆಯವರಾಗಿದ್ದೇವೆ ಅಂದುಕೊಳ್ಳಬೇಕು.

ಕೂಲಿಗೆ ಬಿಡಿಸಿದರೆ ಉರಿಯನ್ನು ಹೇಗೋ ತಡೆದುಕೊಳ್ಳಬಹುದು. ಆ ವರ್ಷ ನಾವು ಬಿಡಿಸಿದ್ದು ಕೂಲಿಗಲ್ಲ, ಇಂಟರ್‌ವ್ಯೂಗೆ.

ಕೊಟ್ಟೂರಿನ ಹೊರಗೆ ಪಂಚಾಕ್ಷರಪ್ಪ ಸಾವ್ಕಾರರ ಹುಣಸೆ ಗೋದಾಮು ಇದೆ. ನಮ್ಮ ಕೂಡ್ಲಿಗಿ ಕಡೆಯ ಹುಣಸೆ ಮರಗಳ ಹಣ್ಣೆಲ್ಲ ಅಲ್ಲಿಗೇ ಹೋಗುವುದು. ಮೊದಲೆಲ್ಲ ನಾವೂ ಹೋಗುತ್ತಿದ್ದೆವು, ಬಿಡಿಸುತ್ತಿದ್ದೆವು, ಸಂಜೆ ತೂಕ ಮಾಡಿ ಕೂಲಿ ಕೊಡುತ್ತಿದ್ದರು. ತಕ್ಕಡಿ ಅವರ ಕಡೆಗೇ ವಾಲುತ್ತಿತ್ತು, ಆ ಮಾತು ಬೇರೆ. ಆ ವರ್ಷ ಅವರ ಅಳಿಯ ಗುರುಬಸವರಾಜ ಬಂದ. ಎಂಬಿಎ ಓದಿದವನು. ಬಂದವನೇ ಗೋದಾಮಿಗೆ ಹಸಿರು ಬಣ್ಣ ಹೊಡೆಸಿದ, ಬಾಗಿಲ ಮೇಲೆ ಇಂಗ್ಲಿಷ್ ಬೋರ್ಡು ತೂಗಿಸಿದ, ಕೂಲಿ ಎಂಬ ಮಾತನ್ನೇ ತೆಗೆದುಹಾಕಿದ. ಇನ್ನು ಮೇಲೆ ಎಲ್ಲರೂ ತಿಂಗಳ ಸಂಬಳದ ನೌಕರರು, ಪಿಎಫ್ ಕೂಡ ಇರುತ್ತದೆ, ಆದರೆ ಇಂಟರ್‌ವ್ಯೂ ಪಾಸಾಗಬೇಕು ಎಂದು ಮೊಬೈಲುಗಳಲ್ಲಿ ಸುದ್ದಿ ಬಿಟ್ಟ.

ಈ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಕುಣಿದವಳು ಪಕ್ಕದ ಮನೆಯ ಮಾಲಾ. ಅವಳ ಗಂಡ ಅಂಜಿನೇಯಲು ಆಗಲೇ ಮಂಡ್ಯದ ಕಡೆ ಕಬ್ಬು ಕಡಿಯಲು ಹೋಗಿದ್ದ. ಕಬ್ಬಿನ ಮೇಸ್ತ್ರಿಗೆ ಒಂಟಿ ಆಳು ಬೇಡ, ಗಂಡ ಹೆಂಡತಿ ಜೋಡಿಯೇ ಬೇಕು. ಭಾನುವಾರ ಟೆಂಪೋ ಕಳಿಸುತ್ತೇನೆ, ಹತ್ತಿ ಬಾ ಎಂದು ಪ್ರತಿ ವಾರವೂ ಫೋನು. ಮಾಲಾ ಹೋದರೆ ಎರಡನೇ ಕ್ಲಾಸಿನ ಮಗಳೂ ಶಾಲೆ ಬಿಟ್ಟು ಹೋಗಬೇಕು. ತಾನು ಚಿಕ್ಕವಳಿದ್ದಾಗ ಹಾಗೆ ಗುಳೆ ಹೋಗಿ, ಆಮೇಲೆ ತನಗಿಂತ ಗಿಡ್ಡ ಮಕ್ಕಳ ಜೊತೆ ಕೂತು ಓದಿ ಪಿಯುಸಿ ಮುಟ್ಟಿದವಳು ಅವಳು. ಇಲ್ಲೇ ತಿಂಗಳ ಸಂಬಳದ ಕೆಲಸ ಸಿಕ್ಕರೆ ಮಗಳು ಶಾಲೆಯಲ್ಲಿ ಉಳಿಯುತ್ತಾಳೆ. ಅವಳಿಗೆ ಬೇಕಾಗಿದ್ದು ಅಷ್ಟೇ.

ಇಂಟರ್‌ವ್ಯೂ ಅಂದರೆ ಏನೆಂದು ನಮಗೆ ಹೇಳಿಕೊಟ್ಟವನು ಕೂಡ್ಲಿಗಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಕಾಂತೇಶ. ಒಳ್ಳೆಯ ಹುಡುಗ. ತಾನು ಹೋದ ಇಂಟರ್‌ವ್ಯೂಗಳಲ್ಲೆಲ್ಲ ಫೇಲಾಗಿದ್ದರಿಂದ ಅದರ ಬಗ್ಗೆ ಬಹಳ ತಿಳಿದುಕೊಂಡಿದ್ದ. ನೆಟ್ಟಗೆ ಕೂಡಬೇಕು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು, ಸೆರಗು ಹಿಡಿದು ತಿರುಚಬಾರದು ಎಂದ. ನಿಮ್ಮ ವೀಕ್ನೆಸ್ ಏನು ಎಂದು ಕೇಳೇ ಕೇಳುತ್ತಾರೆ, ಆಗ ‘ನಾನು ಅತಿಯಾಗಿ ಕೆಲಸ ಮಾಡುತ್ತೇನೆ’ ಎನ್ನಬೇಕಂತೆ. ಅದು ವೀಕ್ನೆಸ್ ಹೇಗಾಗುತ್ತದೆ ಎಂದು ನಾನು ಕೇಳಿದ್ದಕ್ಕೆ, ಸುಮ್ಮನೆ ಹೇಳು ದೊಡ್ಡವ್ವ ಎಂದ. ಕೊನೆಗೆ ಬಹಳ ಮುಖ್ಯವಾದ ಮಾತು ಎಂದು ಬೆರಳೆತ್ತಿದ.

“ಎಲ್ಲಾ ಮುಗದ ಮ್ಯಾಲೆ, ನೀವು ನಮ್ಮನ್ನ ಏನರ ಕೇಳ್ತೀರೇನು ಅಂತಾರ. ಇಲ್ಲ ಅನ್ನಬಾರದು. ಇಲ್ಲ ಅಂದೋರ್ನ ದಡ್ಡರು ಅಂತ ಬಿಟ್ಟಬಿಡ್ತಾರ. ಒಂದಾದ್ರೂ ಪ್ರಶ್ನಿ ಕೇಳ್ಬೇಕು.”

ನಮ್ಮಲ್ಲಿ ಹಿರಿಯಳು ಜಂಬಕ್ಕ. ಅವಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಆ ಕಡೆಯಿಂದ ಈ ಕಡೆಗೆ ಹಾಕಿ, “ಪ್ರಶ್ನಿ ಕೇಳಿ ಕೇಳೇ ನನ್ನ ಗಂಡನ ಕೂಟ ಏಗಿದ್ದು. ಅದನ್ನ ನೀ ಕಲಿಸಬ್ಯಾಡ” ಎಂದಳು.

ನಾವು ಸೋಮವಾರ ಹೋದೆವು. ಸೋಮವಾರ ಕೂಡ್ಲಿಗಿ ಕಡೆಯವರಿಗೆ ಎಂದು ಹೇಳಿದ್ದರು. ಗುರುಬಸವರಾಜ ಟೇಬಲ್ ಹಾಕಿಕೊಂಡು ಕೂತಿದ್ದ. ಒಬ್ಬೊಬ್ಬರನ್ನೇ ಕರೆದ. ಮಾಲಾ ಕಾಂತೇಶ ಹೇಳಿದಂತೆ ಎಲ್ಲ ಹೇಳಿದಳು. ನಾನು ಅರ್ಧ ಮರೆತೆ. ಜಂಬಕ್ಕನ ಮಾತು ಮಾತ್ರ ಹೊರಗೆ ನಿಂತ ನಮಗೂ ಕೇಳಿಸುತ್ತಿತ್ತು. ವೀಕ್ನೆಸ್ ಏನು ಎಂದ. ನನ್ನ ಗಂಡ ಎಂದಳು. ಐದು ವರ್ಷ ಬಿಟ್ಟು ನೀವು ಎಲ್ಲಿರುತ್ತೀರಿ ಎಂದ. “ಅಲ್ಲೇ ಇರ್ತೀನಿ ಸಾರ್. ಐದು ವರ್ಷಕ್ಕೊಮ್ಮೆ ಓಟು ಕೇಳಾಕ ಬರ್ತಾರಲ್ಲ, ಅವ್ರನ್ನ ಕೇಳಿದ್ರ ಮನಿ ತೋರಿಸ್ತಾರ” ಎಂದಳು.

ಆಮೇಲೆ ಪ್ರಾಕ್ಟಿಕಲ್ ಟೆಸ್ಟ್. ಅಂದರೆ ಗೋದಾಮಿನೊಳಗೆ ಟಾರ್ಪಾಲಿನ ಮೇಲೆ ಕೂಡಿಸಿ, ಒಬ್ಬೊಬ್ಬರ ಮುಂದೆ ಹುಣಸೆಹಣ್ಣಿನ ಗುಡ್ಡೆ ಸುರಿದು, ಕೈಗೊಂದು ಸುತ್ತಿಗೆ ಕೊಟ್ಟರು. ಸಿಪ್ಪೆ, ನಾರು, ಬೀಜ ತೆಗೆದು ಹಣ್ಣು ಬೇರೆ ಮಾಡಬೇಕು. ಹೊತ್ತು ಮುಳುಗುವ ತನಕ ಪರೀಕ್ಷೆ ನಡೆಯಿತು. ಮಧ್ಯಾಹ್ನ ಚಹಾ ಕೂಡ ಇಲ್ಲ, ಪರೀಕ್ಷೆಯಲ್ಲಿ ಚಹಾ ಕೊಡುವುದುಂಟೇ. ಗುಡ್ಡೆ ಕರಗಿದ ಮೇಲೆ ಗುರುಬಸವರಾಜ ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಮುಂದೆ ತಿಳಿಸುತ್ತೇವೆ ಎಂದು ಕಳಿಸಿದ.

ನಿಧಾನದ ಕೈಯವರೆಲ್ಲ ಫೇಲು. ಕಾನ್ಫಿಡೆನ್ಸ್ ಸಾಲದು ಎಂದು ಫೋನಿಗೆ ಸುದ್ದಿ ಬಂತು. ನನ್ನ ಕಾನ್ಫಿಡೆನ್ಸ್ ಅವನು ಯಾವ ತಕ್ಕಡಿಯಲ್ಲಿ ತೂಗಿದನೋ. ಮಾಲಾ, ಜಂಬಕ್ಕ ಮತ್ತು ಕೈ ಚುರುಕಿದ್ದ ಕೆಲವರಿಗೆ ಸೆಕೆಂಡ್ ರೌಂಡ್ ಬಂತು. ಅಲ್ಲಿಯೂ ಹುಣಸೆಹಣ್ಣೇ. ಆಮೇಲೆ ಮೂರನೇ ರೌಂಡು. ಮಾಲಾ ಪ್ರತಿ ಸಲವೂ ಬಸ್ ಚಾರ್ಜಿಗೆ ಸಾಲ ಮಾಡಿಕೊಂಡು ಹೋದಳು, ಇನ್ನೇನು ಕೆಲಸ ಸಿಕ್ಕಿತು ಎಂದುಕೊಂಡು ಮೇಸ್ತ್ರಿಗೆ ಮುಂದಿನ ಭಾನುವಾರ ನೋಡೋಣ ಎನ್ನುತ್ತಾ ಬಂದಳು.

“ರೌಂಡು ಗಾಣದೆತ್ತೂ ಹಾಕ್ತೈತವ್ವ,” ಎಂದಳು ಜಂಬಕ್ಕ. “ಅದಕ್ಕ ಸಂಜಿಕ ಹಿಂಡಿನಾದ್ರೂ ಇಡ್ತಾರ.”

ಮಾಲಾಗೆ ಆ ಮಾತು ಹಿಡಿಸಲಿಲ್ಲ. ಅಪಶಕುನ ನುಡಿಯಬೇಡ ಜಂಬಕ್ಕ ಎಂದು ಮುಖ ತಿರುಗಿಸಿದಳು.

ಗುಟ್ಟು ಒಡೆದದ್ದು ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ. ನಾನು ಸಂತೆಗೆ ಹೋಗಿದ್ದೆ, ಮಾಲಾ ಮತ್ತು ಜಂಬಕ್ಕ ಮೂರನೇ ರೌಂಡು ಮುಗಿಸಿ ಬಂದಿದ್ದರು. ನಮ್ಮ ಪಕ್ಕದಲ್ಲಿ ಉಚ್ಚಂಗಿದುರ್ಗದ ಒಬ್ಬ ಹೆಂಗಸು ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದಳು. ತಿನ್ನುತ್ತಿದ್ದಳು ಎಂದರೆ, ಮಿರ್ಚಿಯನ್ನು ಕಾಗದದಲ್ಲಿ ಹಿಡಿದು, ಬೆರಳು ತಾಗದಂತೆ ಬಾಯಿಗೆ ಎಸೆದುಕೊಳ್ಳುತ್ತಿದ್ದಳು. ಜಂಬಕ್ಕ ಅವಳ ಕೈಯನ್ನೇ ನೋಡಿದಳು. ಬಿಳುಚಿದ ತುದಿ, ಸೀಳಿದ ಚರ್ಮ, ಕಂದು ಉಗುರು.

“ಯಾವ ರೌಂಡು ತಂಗಿ?” ಎಂದಳು.

ಆಕೆ ಬೆಚ್ಚಿಬಿದ್ದಳು. ಹೆಸರು ಅನ್ನದಾನಮ್ಮ. ಹರಪನಹಳ್ಳಿ ಕಡೆಯವರಿಗೆ ಮಂಗಳವಾರವಂತೆ. ಅವತ್ತು ಸಂತೆಗೆಂದು ಬಂದಿದ್ದಳು, ಮರುದಿನ ಅವಳಿಗೂ ಮೂರನೇ ರೌಂಡು. ಮಾಗಳದಲ್ಲಿರುವ ಅವಳ ತಂಗಿಗೆ ಹಡಗಲಿ ಕಡೆಯವರ ಬುಧವಾರ. ಅವಳದೂ ಮೂರನೆಯದೇ. ಹಗರಿಬೊಮ್ಮನಹಳ್ಳಿಯವರದು ಗುರುವಾರ ಎಂದು ತಂಗಿ ಹೇಳಿದ್ದಳಂತೆ. ಹಾಗಾದರೆ ಕೆಲಸ ಸಿಕ್ಕಿದ್ದು ಯಾರಿಗೆ ಎಂದು ನಾನು ಕೇಳಿದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರಿಗೂ ಸಿಕ್ಕಿರಲಿಲ್ಲ. ಆದರೆ ಸಾವ್ಕಾರರ ಹಣ್ಣು ಮಾತ್ರ ದಿನಾ ಬಿಡಿಸಿಕೊಂಡು, ದಿನಾ ಲಾರಿ ಹತ್ತಿ ಹೋಗುತ್ತಿತ್ತು.

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋಗುತ್ತಾರಲ್ಲ, ಹಾಗೆ. ಅವರು ಉಪ್ಪಿಟ್ಟು ಮಾತ್ರ ತಿನ್ನುತ್ತಾರೆ. ಇವನು ನಮ್ಮ ಬೆರಳನ್ನೇ ತಿಂದಿದ್ದ.

ಮಾಲಾ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತಳು. ಊರು ಹತ್ತಿರ ಬಂದಾಗ, ಫೈನಲ್ ರೌಂಡಿಗೆ ಎಲ್ಲ ಊರಿನವರನ್ನೂ ಒಂದೇ ದಿನ ಕರೆದಿದ್ದಾನೆ, ಹೈದರಾಬಾದಿನ ಲಾರಿಗೆ ಅವಸರದ ಲೋಡಿದೆ ಎಂದು ಗುರುಬಸವರಾಜ ಫೋನಿನಲ್ಲಿ ಮಾತಾಡುತ್ತಿದ್ದ ಎಂದಷ್ಟೇ ಹೇಳಿದಳು. ಜಂಬಕ್ಕನ ಕಣ್ಣು ಮಿನುಗಿತು. ಆ ಕಣ್ಣು ಹಾಗೆ ಮಿನುಗಿದರೆ ನಮ್ಮ ಓಣಿಯಲ್ಲಿ ಯಾರಿಗೋ ಗ್ರಹಚಾರ ಎಂದೇ ಅರ್ಥ. ಆ ರಾತ್ರಿಯೇ ಅವಳ ಉಪಾಯ ಅನ್ನದಾನಮ್ಮನ ಫೋನು ಹತ್ತಿ ಎಲ್ಲ ಊರುಗಳಿಗೂ ಹೋಯಿತು.

ಫೈನಲ್ ರೌಂಡಿನ ದಿನ ಫೇಲಾದವರೂ ಹೋದೆವು. ಲೋಡಿನ ಅವಸರದಲ್ಲಿ ಗುರುಬಸವರಾಜ ಯಾರನ್ನೂ ತಡೆಯಲಿಲ್ಲ. ನಮ್ಮ ಕಾನ್ಫಿಡೆನ್ಸ್ ಒಮ್ಮೆಗೇ ಹೆಚ್ಚಾಗಿತ್ತೆಂದು ಕಾಣುತ್ತದೆ. ಬಾಗಿಲಲ್ಲಿ ಲಾರಿ ಹಿಂದುಮುಂದಾಗಿ ನಿಂತಿತ್ತು. ಒಳಗೆ ಗುಡ್ಡೆಗಳು ಎಂದಿಗಿಂತ ಎತ್ತರ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲ ಸೀಮೆಯ ಹೆಂಗಸರು ಸಾಲಾಗಿ ಕೂತೆವು. ಇವತ್ತು ಚೆನ್ನಾಗಿ ಮಾಡಿದವರಿಗೆ ಇವತ್ತೇ ಆರ್ಡರ್ ಎಂದು ಅವನು ಕೈ ತಟ್ಟಿದ.

ಪ್ರತಿಯೊಬ್ಬಳೂ ಗುಡ್ಡೆಯಿಂದ ಒಂದೇ ಒಂದು ಹಣ್ಣು ಎತ್ತಿಕೊಂಡಳು. ಹೂವು ಕಟ್ಟುವಷ್ಟು ನಾಜೂಕಾಗಿ ಸಿಪ್ಪೆ ಬಿಡಿಸಿದಳು. ಒಂದು ಎಳೆ ಬಿಡದೆ ನಾರು ಸುಲಿದಳು. ಬೀಜಗಳನ್ನು ಬಿಡಿಸಿ ಪಕ್ಕಕ್ಕೆ ಇಟ್ಟಳು. ಬುತ್ತಿಯ ಮುಚ್ಚಳದ ಮೇಲೆ ಆ ಹಣ್ಣನ್ನು ಇಟ್ಟು, ಬಾಟಲಿ ನೀರಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನೆಟ್ಟಗೆ ಕೂತಳು. ಗೋದಾಮಿನಲ್ಲಿ ಸುತ್ತಿಗೆ ಸದ್ದು ನಿಂತಿತು. ನೊಣದ ಸದ್ದು ಕೇಳಿಸತೊಡಗಿತು.

ಗುರುಬಸವರಾಜ ಓಡಿ ಬಂದ. ಯಾಕೆ ನಿಲ್ಲಿಸಿದಿರಿ ಎಂದ.

“ಟೆಸ್ಟ್ ಮುಗೀತ್ರಿ ಸಾರ್,” ಎಂದಳು ಜಂಬಕ್ಕ. “ನೋಡ್ರಿ, ತೊಳದ ಮುತ್ತಿನಂಗೈತಿ.”

ಗುಡ್ಡೆ ಹಾಗೇ ಇದೆಯಲ್ಲ ಎಂದ.

“ಅಲ್ಲ ಸಾರ್, ನಿಮ್ಮ ಮನ್ಯಾಗ ಅನ್ನ ಬೆಂದೈತೋ ಇಲ್ಲೋ ಅಂತ ನೋಡಾಕ ಎಷ್ಟು ಅಗಳು ಹಿಚುಕ್ತಾರ? ನಮ್ಮ ಕಡಿ ಒಂದು ಅಗಳು. ನೀವು ಓದಿದೋರು ಗಡಿಗಿ ಗಡಿಗೀನೇ ಉಂಡು, ಬೆಂದಿಲ್ಲ ಅಂತೀರೇನ್ರಿ?”

ಹಿಂದಿನ ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗುರುಬಸವರಾಜನ ಕಿವಿಗಳು ಕೆಂಪಾದವು. ಎಲ್ಲರೂ ಫೇಲು ಎಂದು ಕೂಗಿದ. ಆಗಲಿ ಸಾರ್ ಎಂದು ಜಂಬಕ್ಕ ಎದ್ದೇಬಿಟ್ಟಳು. ಹೊರಗೆ ಲಾರಿ ಡ್ರೈವರ್ ಹಾರನ್ ಒತ್ತಿದ. ಗುರುಬಸವರಾಜ ಕೂಡಲೇ ದನಿ ಇಳಿಸಿ, ಕೂಡ್ರಿ, ಕೂಡ್ರಿ, ನಿಮಗೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದ.

ಕಾಂತೇಶ ಹೇಳಿದ ಗಳಿಗೆ ಬಂದೇಬಿಟ್ಟಿತು. ಮಾಲಾ ಎದ್ದು ನಿಂತಳು. ಸೆರಗು ತಿರುಚಲಿಲ್ಲ. ಅವನ ಕಣ್ಣಲ್ಲಿ ಕಣ್ಣಿಟ್ಟಳು.

“ನಿಮ್ಮ ವೀಕ್ನೆಸ್ ಏನ್ರಿ ಸಾರ್?”

ಅವನ ಕಣ್ಣು ತಾನಾಗಿಯೇ ಬಾಗಿಲ ಕಡೆಗೆ, ಲಾರಿಯ ಕಡೆಗೆ ಹೋಯಿತು. ಎಲ್ಲರೂ ಅದನ್ನು ನೋಡಿದೆವು.

ಅಷ್ಟರಲ್ಲಿ ಪಂಚಾಕ್ಷರಪ್ಪ ಸಾವ್ಕಾರರು ಬಂದರು. ಅವರು ಹಳೆಯ ಹುಲಿ, ಒಂದು ನೋಟದಲ್ಲಿ ಎಲ್ಲ ತಿಳಿದುಕೊಂಡರು. ಅಳಿಯನನ್ನು ಪಕ್ಕಕ್ಕೆ ಸರಿಸಿ ಮಾಲಾಳ ಮುಂದೆ ನಿಂತು ಮೆಲ್ಲಗೆ ಮಾತಾಡಿದರು. ನೀನು ಓದಿದವಳು, ನಿನ್ನಂಥವಳೇ ಬೇಕಾಗಿತ್ತು, ಸೂಪರ್‌ವೈಸರ್ ಮಾಡುತ್ತೇನೆ, ಇವತ್ತಿನಿಂದಲೇ ತಿಂಗಳ ಸಂಬಳ, ಈ ಮಂದಿಯನ್ನು ಕೂಡಿಸಿ ಕೆಲಸ ತೆಗೆಸು ಎಂದರು.

ನಾನು ಮಾಲಾಳ ಮುಖ ನೋಡಲಿಲ್ಲ. ನೋಡಿದ್ದರೆ, ಹೂಂ ಅನ್ನು ಎಂದು ನಾನೇ ಹೇಳಿಬಿಡುತ್ತಿದ್ದೆ. ಅವಳ ಮಗಳು ಬೆಳಗ್ಗೆ ಬಸ್ಸಿನ ತನಕ ಬಂದು, ಇವತ್ತು ಕೆಲಸ ಸಿಗುತ್ತದಾ ಅಮ್ಮ ಎಂದು ಕೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಮಾಲಾಳ ಕೈಯಲ್ಲಿ ಮೊಬೈಲು ಗುರ್ ಗುರ್ ಎಂದಿತು. ಕಬ್ಬಿನ ಮೇಸ್ತ್ರಿ. ಅವಳು ಅಲ್ಲೇ, ಸಾವ್ಕಾರರ ಎದುರಿಗೇ ಎತ್ತಿದಳು.

“ಟೆಂಪೋದಾಗ ನಮ್ಮ ಜಾಗ ಬ್ಯಾರೇದೋರಿಗೆ ಕೊಡ್ರಿ. ನಾ ಬರಂಗಿಲ್ಲ.”

ಸಾವ್ಕಾರರು ನಕ್ಕರು. ಗೆದ್ದೆ ಅಂದುಕೊಂಡರು. ಮಾಲಾ ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಬುತ್ತಿ ಕೈಗೆ ತೆಗೆದುಕೊಂಡಳು.

“ನನ್ನ ಆರಿಸಿದ್ರಿ ಅಂದ್ರ ಒಂದು ಅಗಳು ಬೆಂದೈತಿ ಅಂತ ನೀವೇ ಒಪ್ಪಿದಂಗಾತು ಸಾವ್ಕಾರ್ರ. ಒಂದು ಬೆಂದ್ರ ಇಡೀ ಗಡಿಗಿ ಬೆಂದಂಗ. ನನ್ನ ತಗಂಡ್ರ ಇವ್ರೆಲ್ಲಾರ್ನೂ ತಗಳ್ರಿ. ಇಲ್ಲಂದ್ರ ನೀವೂ ನಿಮ್ಮ ಅಳಿಯನೂ ಸುತ್ತಿಗಿ ಹಿಡೀರಿ, ಚಲೋ ಮಾಡಿದ್ರ ಮುಂದ ತಿಳಿಸ್ತೀವಿ.”

ಎಲ್ಲರೂ ಅವಳ ಹಿಂದೆಯೇ ಎದ್ದು, ಗೋದಾಮಿನ ಮುಂದಿನ ಬೇವಿನ ಮರದ ಕೆಳಗೆ ಹೋಗಿ ಕೂತೆವು. ಬುತ್ತಿ ಬಿಚ್ಚಿದೆವು. ಯಾರೂ ಚಮಚ ತಂದಿರಲಿಲ್ಲ. ಖಾರ ಬೆರಳಿಗೆ ತಾಗಿ ಎಲ್ಲರೂ ಹಾ ಹಾ ಎನ್ನುತ್ತಿದ್ದೆವು, ನಗುತ್ತಲೂ ಇದ್ದೆವು. ಮಾಲಾಳ ರೊಟ್ಟಿ ಮಾತ್ರ ಕೈಯಲ್ಲೇ ಇತ್ತು, ಅವಳ ಕಣ್ಣು ಗೋದಾಮಿನ ಬಾಗಿಲಲ್ಲಿ. ಅನ್ನದಾನಮ್ಮ ಅವಳ ಕಡೆಗೆ ಸರಿದು ತುತ್ತು ಮಾಡಿ ಬಾಯಿಗಿಟ್ಟಳು. ಲಾರಿ ಡ್ರೈವರ್ ಎರಡು ಸಲ ಒಳಗೆ ಹೋಗಿ ಬಂದ. ಎರಡನೆಯ ಸಲ ಇಂಜಿನ್ ಚಾಲೂ ಮಾಡಿದ.

ಸಾವ್ಕಾರರು ಹೊರಗೆ ಬಂದರು. ಹಿಂದೆ ಅಳಿಯ. ಬಿಸಿಲಲ್ಲಿ ನಡೆದು ಮರದ ತನಕ ಬಂದು, ಧೋತರದಿಂದ ಮುಖ ಒರೆಸಿಕೊಂಡರು.

“ಆತು, ಎಲ್ಲಾರ್ನೂ ತಗಂತೀನಿ. ತಿಂಗಳ ಪಗಾರ. ನಡೀರಿ ಒಳಗ.”

ಮಾಲಾ ಕಣ್ಣು ಮುಚ್ಚಿ ತೆರೆದಳು. ಬಾಯಲ್ಲಿದ್ದ ತುತ್ತು ನುಂಗಿದಳು. ಆದರೆ ಏಳಲಿಲ್ಲ. ಯಾರೂ ಏಳಲಿಲ್ಲ. ಜಂಬಕ್ಕ ರೊಟ್ಟಿ ಮುರಿದು, ಖಾರಕ್ಕೆ ಅದ್ದಿ, ಪಕ್ಕದ ಕಲ್ಲನ್ನು ಸೆರಗಿನಿಂದ ಒರೆಸಿ ತೋರಿಸಿದಳು.

“ಪಾಸಾದ್ರಿ ಸಾವ್ಕಾರ್ರ. ಇದು ಫಸ್ಟ್ ರೌಂಡು. ಇಲ್ಲೀತನಕ ದುಡದ ದಿನದ ಕೂಲಿದು ಸೆಕೆಂಡ್ ರೌಂಡು. ಕುಂದರ್ರಿ.”