ಛತ್ರಿ ಕಡ್ಡಿಗೆ ಸೋತ ಸ್ಟೀರಿಯೋ

ನನ್ನ ತಮ್ಮನ ಕಾರಿನಲ್ಲಿದ್ದ ಹಳೇ ಸ್ಟೀರಿಯೋಗೂ ನನಗೂ ಯಾವ ಜನ್ಮದ ಹಗೆಯೋ ಕಾಣೆ. ಆರಿಸಿಟ್ಟರೂ ಮನಸ್ಸು ಬಂದಾಗ ತಾನೇ ಶುರುವಾಗಿ ಕಿವಿ ಕಿತ್ತುಹೋಗುವ ಹಾಗೆ ಅರಚುತ್ತಿತ್ತು. ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ನನ್ನನ್ನು ಫೇಲ್ ಮಾಡಿಸಿದ್ದು ಅದೇ. ಮೊದಲ ಸಲ ಬೆಚ್ಚಿ ಬ್ರೇಕ್ ತುಳಿದೆ, ಗಾಡಿ ನಿಂತುಹೋಯಿತು. ಎರಡನೇ ಸಲ ಕಂಬಕ್ಕೆ ಗುದ್ದಿದೆ. ಇನ್ನೊಮ್ಮೆ ಇದು ಕೂಗಿದರೆ ಅಲ್ಲೇ ಇಳಿಸುತ್ತೇನೆ ಎಂದು ಇನ್‌ಸ್ಪೆಕ್ಟರ್ ಹೇಳಿದ್ದರು.

ನಾನು ಟೈಲರ್. ಶಾಲೆಯ ಸಮವಸ್ತ್ರ ಹೊಲಿದು ಅಂಗಡಿಗಳಿಗೆ ಮುಟ್ಟಿಸಬೇಕು. ಲೈಸೆನ್ಸ್ ಇಲ್ಲದ್ದಕ್ಕೆ ಪ್ರತಿ ಸಲ ತಮ್ಮನ ದಾರಿ ಕಾಯಬೇಕು. 'ಈಗ ಬಂದೆ' ಅಂತ ಬೆಳಿಗ್ಗೆ ಅಂದವನು ಬರುವುದು ಮಧ್ಯಾಹ್ನ. ಹೋದ ತಿಂಗಳು ಅವನ ದೆಸೆಯಿಂದ ಒಂದು ಅಂಗಡಿಯವರು ನನ್ನ ಕೈಬಿಟ್ಟರು. ಉಳಿದಿದ್ದ ಒಂದೇ ಅಂಗಡಿಯೂ ಹೋಗುವುದರಲ್ಲಿತ್ತು.

ಮೂರನೇ ಪರೀಕ್ಷೆಯ ದಿನ ಬೆಳಿಗ್ಗೆ ತಮ್ಮ ಫ್ಯೂಸ್ ಕಿತ್ತ. ಸ್ಟೀರಿಯೋ ಸತ್ತಿತು, ಜೊತೆಗೆ ಇಂಡಿಕೇಟರೂ ಸತ್ತಿತು. ಇಂಡಿಕೇಟರ್ ಇಲ್ಲದ ಗಾಡಿಗೆ ಪರೀಕ್ಷೆಯೇ ಇಲ್ಲ. ಅವನು ಫ್ಯೂಸನ್ನು ವಾಪಸ್ ಸಿಕ್ಕಿಸಿ, ಮೆಕ್ಯಾನಿಕ್ ಸಿಗೋದು ಸೋಮವಾರ, ಪರೀಕ್ಷೆ ಮುಂದಕ್ಕೆ ಹಾಕಿಸು ಎಂದ. ನನಗೆ ಪಿತ್ತ ನೆತ್ತಿಗೇರಿತು.

"ನಾನೇ ಬಿಚ್ತೀನಿ" ಅಂದೆ.

"ಅದೇನು ಅಂಗಿ ಕಾಲರ್ ಅಂದ್ಕೊಂಡ್ಯಾ ಅಕ್ಕಾ?"

ಮೊದಲು ಬ್ಯಾಟರಿಯ ತಂತಿ ಕಳಚಿದೆ. ಸ್ಟೀರಿಯೋದ ಎರಡೂ ಪಕ್ಕದಲ್ಲಿ ಎರಡೆರಡು ಸಣ್ಣ ತೂತುಗಳಿದ್ದವು. ಅವಕ್ಕೆ ತೂರಿಸಿ ಒಳಗಿನ ಕೊಂಡಿ ಬಿಡಿಸುವ ಕೀಲಿ ಯಾವತ್ತೋ ಕಳೆದಿತ್ತು. ಮುರಿದ ಛತ್ರಿಯಿಂದ ನಾಲ್ಕು ಕಡ್ಡಿ ಕತ್ತರಿಸಿ ಒಂದೊಂದು ತೂತಿಗೂ ತೂರಿಸಿದೆ. ಎಡಗಡೆ ಕೊಂಡಿ ಟಕ್ ಎಂದು ಬಿಟ್ಟುಕೊಂಡಿತು. ಬಲಗಡೆ ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಮೀಟಲು ಬಂದ ತಮ್ಮನ ಕೈಗೆ ಒಂದೇಟು ಕೊಟ್ಟೆ. ಸಿಕ್ಕಿಬಿದ್ದ ದಾರವನ್ನು ಎಳೆದರೆ ಬಟ್ಟೆ ಹರಿಯುತ್ತದೆ ಎಂಬುದು ನನಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು. ಎಳೆಯುವ ಬದಲು ಸ್ಟೀರಿಯೋವನ್ನು ಒಳಕ್ಕೇ ಚೂರು ಒತ್ತಿ, ಬಿಗಿ ಸಡಿಲವಾದ ಮೇಲೆ ಕಡ್ಡಿಗಳನ್ನು ಪಕ್ಕಕ್ಕೆ ಬಾಗಿಸಿದೆ. ಟಕ್. ಆ ಸದ್ದಿಗೆ ನನ್ನ ಎದೆ ಅರಳಿತು.

ಸ್ಟೀರಿಯೋ ಸಲೀಸಾಗಿ ಜಾರಿ ಮಡಿಲಿಗೆ ಬಂತು. ಹಿಂದೆ ತಂತಿಗಳ ಗೋಜಲು. ಅದರಲ್ಲೊಂದು ಕೆಂಪು ತಂತಿಯನ್ನು ಯಾರೋ ಇಂಡಿಕೇಟರ್ ತಂತಿಗೆ ಸುತ್ತಿ, ಮೇಲೆ ದಾರ ಬಿಗಿದಿದ್ದರು. ಗಾಡಿ ಕುಲುಕಿದಾಗಲೆಲ್ಲ ಆ ಸಡಿಲ ಗಂಟು ಅಲ್ಲಾಡಿ ಸ್ಟೀರಿಯೋ ಶುರುವಾಗುತ್ತಿತ್ತು. ದಾರ ನನ್ನ ಹೊಲಿಗೆ ಡಬ್ಬಿಯದೇ, ಸಮವಸ್ತ್ರದ ನೀಲಿ ದಾರ.

"ಇದು ಯಾರ ಕೈಚಳಕ?" ಎಂದೆ. ತಮ್ಮ ಗಾಡಿಯ ಟೈರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಗಂಟು ಬಿಚ್ಚಿದೆ, ತಂತಿಯ ತುದಿಗಳಿಗೆ ಟೇಪ್ ಸುತ್ತಿದೆ, ಬ್ಯಾಟರಿ ಜೋಡಿಸಿದೆ. ಇಂಡಿಕೇಟರ್ ಟಿಕ್ ಟಿಕ್ ಎಂದಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತವರೇ ಡ್ಯಾಶ್‌ಬೋರ್ಡಿನ ದೊಡ್ಡ ತೂತನ್ನು ನೋಡಿದರು.

"ಯಾರು ಬಿಚ್ಚಿದ್ದು?"

"ನಾನೇ ಸಾರ್."

ಅವರು ಗಾಡಿ ತೆಗೆಯಿರಿ ಎಂದು ಕೈ ತೋರಿಸಿದರು. ಹಿಂದಕ್ಕೆ ಓಡಿಸಿದೆ, ಉಬ್ಬಿನ ಮೇಲೆ ಹತ್ತಿಸಿ ಇಳಿಸಿದೆ, ಕಂಬಗಳ ನಡುವೆ ತಂದು ನಿಲ್ಲಿಸಿದೆ. ಗಾಡಿಯೊಳಗೆ ಪೆನ್ನು ಕಾಗದದ ಮೇಲೆ ಸರಿದಾಡುವ ಸದ್ದು ಮಾತ್ರ ಕೇಳುತ್ತಿತ್ತು. ಪಾಸ್ ಎಂದು ಬರೆದು ಸಹಿ ಹಾಕಿದರು. ಕುಣಿದಾಡಬೇಕು ಅನ್ನಿಸಿತು.

ಹೊರಗೆ ಕಾಯುತ್ತಿದ್ದ ತಮ್ಮ ಎಂದಿನಂತೆ ಕೀಗಾಗಿ ಕೈಚಾಚಿದ. ಆ ಕೈಯಲ್ಲಿ ಸ್ಟೀರಿಯೋ ಇಟ್ಟು, ಪಕ್ಕದ ಸೀಟು ತೋರಿಸಿದೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನು ಮನೆವರೆಗೂ ಕೂತ, ದಾರಿಯುದ್ದಕ್ಕೂ ನಾನು ಗಂಟಲು ಬಿಚ್ಚಿ ಹಾಡಿದೆ. ನನ್ನನ್ನು ಆರಿಸುವ ಗುಂಡಿ ಮಾತ್ರ ಅವನಿಗೆ ಸಿಗಲಿಲ್ಲ.